ಒಂದು ಕೂಗಿಗೆ ಏಳು ಉತ್ತರ

ವಿಜಯಪುರಕ್ಕೆ ಹೋಗುತ್ತೇವೆ ಅಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು. "ಗೋಳಗುಮ್ಮಟದ ಮೇಲೆ ಹೋಗಿ ಕೂಗೋದು ಮರೀಬೇಡಿ." ನೋಡೋದು ಮರೀಬೇಡಿ ಅಂತ ಒಬ್ಬರೂ ಹೇಳಲಿಲ್ಲ.

ಹೋದೆವು, ನಾನೂ ನನ್ನ ಹೆಂಡತಿಯೂ. ಮೂಲೆಯ ಮಿನಾರಿನೊಳಗೆ ಇಕ್ಕಟ್ಟು ಮೆಟ್ಟಿಲು, ಏಳು ಅಂತಸ್ತು. ಮೂರನೆಯದಕ್ಕೇ ಮೇಲಿನ ಚೀರಾಟ ಕಿವಿಗೆ ಬಿತ್ತು. ಯಾರಿಗೋ ಏನೋ ಆಗಿದೆ ಅಂತ ಗಾಬರಿಯಾಯಿತು. ಇಳಿದು ಬರುತ್ತಿದ್ದ ಹಿರಿಯರೊಬ್ಬರು ಗೋಡೆಗೆ ಒರಗಿ ದಾರಿ ಬಿಟ್ಟರು. "ಏನಿಲ್ರಿ, ಸಾಲಿ ಹುಡುಗ್ರು ಬಂದಾವ. ಮಾಸ್ತರೂ ಒದರಾಕತ್ತಾರ" ಅಂದರು.

ನಿಜವೇ. ಪೂರ್ತಿ ಒಂದು ಶಾಲೆ ಅಲ್ಲಿತ್ತು. ಮಾಸ್ತರರೇ ಮೇಳದ ಮುಂದಾಳು.

ಆ ಜಾಗದ ಹೆಸರು ಪಿಸುಮಾತಿನ ಗ್ಯಾಲರಿ. ಈ ಕಡೆ ಗೋಡೆಗೆ ಬಾಯಿ ಹತ್ತಿರ ಇಟ್ಟು ಪಿಸುಗುಟ್ಟಿದರೆ, ಸುಮಾರು 38 ಮೀಟರ್ ಆಚೆ ಎದುರು ಗೋಡೆಗೆ ಕಿವಿ ಕೊಟ್ಟವರಿಗೆ ಕೇಳುತ್ತದೆ. ದುಂಡು ಗೋಡೆಯನ್ನೇ ಹಿಡಿದುಕೊಂಡು ದನಿ ಜಾರುತ್ತಾ ಹೋಗುತ್ತದೆ. ನಡುವೆ ಒಂದೇ ಒಂದು ಕಂಬ ಇಲ್ಲ. ಒಂದನ್ನೊಂದು ಹಾಯುವ ಕಮಾನುಗಳ ಮೇಲೆ ಅಷ್ಟು ದೊಡ್ಡ ಗುಮ್ಮಟ ಕೂತಿದೆ. ಕೂಗಿದರೆ ಏಳು ಸಲ ಮರಳುತ್ತದಂತೆ, ಹತ್ತು ಅನ್ನುವವರೂ ಇದ್ದಾರೆ. ಎಣಿಸಬೇಕಾದರೆ ಒಬ್ಬರು ಕೂಗಿ ಉಳಿದವರು ಸುಮ್ಮನಿರಬೇಕು. ಹಾಗಾದದ್ದನ್ನು ನಾನಂತೂ ಕಾಣೆ.

ಒಬ್ಬ ಯಜಮಾನರು ತಮ್ಮ ಕೂಗನ್ನು ಹುಡುಕುತ್ತಿದ್ದರು. "ಓ..." ಅಂತ ಕೂಗಿ, ಕಿವಿಗೆ ಕೈ ಆನಿಸಿ ಕಾಯುವರು. ಬಂದದ್ದು ಬೇರೆ ಯಾರದೋ ಸಿಳ್ಳೆ. ಇನ್ನೂ ಜೋರಾಗಿ ಕೂಗುವರು. ಈ ಸಲ ಯಾರದೋ ಮಗುವಿನ ಅಳು. ಬಸ್ ಸ್ಟ್ಯಾಂಡಿನಲ್ಲಿ ಲಗೇಜು ಕಳೆದುಕೊಂಡವರ ಮುಖ ಅವರದು.

ಕೆಳಗೆ ಮಲಗಿರುವವನು ಮುಹಮ್ಮದ್ ಆದಿಲ್ ಶಾ. 1627ರಿಂದ 1656ರವರೆಗೆ ಆಳಿದವನು. ಹೆಂಡತಿಯರು, ಪ್ರೀತಿಯ ರಂಭಾ, ಮಗಳು, ಮೊಮ್ಮಗ ಎಲ್ಲರೂ ಪಕ್ಕದಲ್ಲೇ. ಕಟ್ಟೆಯ ಮೇಲೆ ನಮಗೆ ಕಾಣುವ ಗೋರಿಗಳು ಬರೀ ತೋರಿಕೆಗೆ. ನಿಜವಾದವು ನೆಲದಡಿಯಲ್ಲಿವೆ. ಮುಂದೆ ಹೀಗಾಗುತ್ತದೆ ಅಂತ ಆತನಿಗೆ ಮೊದಲೇ ಗೊತ್ತಿತ್ತು ಅಂತ ನನ್ನ ಗುಮಾನಿ. ಪಕ್ಕದ ಮನೆಯಲ್ಲಿ ಸಾವಾದರೆ ನಾವು ಮಿಕ್ಸಿ ಹಾಕಲೂ ಹಿಂದೆ ಮುಂದೆ ನೋಡುತ್ತೇವೆ. ಇಲ್ಲಿ ಟಿಕೆಟ್ ತಗೊಂಡು ಬಂದು ಗೋರಿಯ ಮೇಲೆ ಸಿಳ್ಳೆ ಹೊಡೆಯುತ್ತೇವೆ. ಆತನ ಅಪ್ಪ ಎರಡನೇ ಇಬ್ರಾಹಿಂ ಬೇರೆ ಸಂಗೀತದ ಹುಚ್ಚ, ಸರಸ್ವತಿಯನ್ನು ನೆನೆದು ಹಾಡು ಕಟ್ಟಿದವನು. ಅವನ ರೋಜಾ, ಅಂದರೆ ಸಮಾಧಿ, ಊರಿನ ಇನ್ನೊಂದು ತುದಿಯಲ್ಲಿದೆ. ಸದ್ಯ, ದೂರ.

ಬೆಳಿಗ್ಗೆ ಮಲಿಕ್-ಎ-ಮೈದಾನ್ ತೋಪು ನೋಡಿಕೊಂಡೇ ಬಂದಿದ್ದೆವು. 55 ಟನ್ ತೂಕ. 1854ರಲ್ಲಿ ಹರಾಜಿಗಿಟ್ಟಾಗ 150 ರೂಪಾಯಿಗೆ ಹೋಗಿತ್ತು, ಪುಣ್ಯಕ್ಕೆ ಮಾರಾಟ ರದ್ದಾಯಿತು. ತೋಪು ಹಾರಿಸುವವನು ಬತ್ತಿಗೆ ಬೆಂಕಿ ಮುಟ್ಟಿಸಿದವನೇ, ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದ ಅಂತ ಹೇಳುತ್ತಾರೆ. ಅಂಥ ತೊಟ್ಟಿ ತುರ್ತಾಗಿ ಬೇಕಾಗಿರುವುದು ಗುಮ್ಮಟದಲ್ಲಿ.

ಬಾರಾ ಕಮಾನಿನಲ್ಲಿ ಮಾತ್ರ ನೆಮ್ಮದಿ. ಮುಹಮ್ಮದನ ಮಗ ಎರಡನೇ ಅಲಿ ತನಗಾಗಿ ಶುರು ಮಾಡಿದ ಸಮಾಧಿ ಅದು, ಮುಗಿಯಲೇ ಇಲ್ಲ. ಚಾವಣಿ ಇಲ್ಲ. ಕೂಗಿದರೆ ಕೂಗು ನೇರ ಆಕಾಶಕ್ಕೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಅಲ್ಲಿ ಯಾರೂ ಕೂಗುತ್ತಿರಲಿಲ್ಲ.

ಗ್ಯಾಲರಿಯಲ್ಲಿ ನಿಂತು ಇದನ್ನು ನೆನೆದಾಗ ನನಗೆ ಹೊಳೆಯಿತು. ನಮ್ಮ ಬೀದಿ ದೀಪ ಕೆಟ್ಟು ತಿಂಗಳುಗಳಾದವು. ಅರ್ಜಿ ಕೊಟ್ಟೆ, ಫೋನ್ ಮಾಡಿದೆ, ಕೊನೆಗೆ ಹೋಗಿ ಕೂಗಾಡಿದೆ. ಒಂದು ಉತ್ತರ ಇಲ್ಲ. ಇಲ್ಲಿ ಒಂದು ಕೂಗಿಗೆ ಏಳು ಉತ್ತರ! ಅದೂ ಕೂಡಲೇ. ಜೆರಾಕ್ಸ್ ಬೇಡ, ಆಧಾರ್ ಬೇಡ, ಸಾಹೇಬರು ಮೀಟಿಂಗಿನಲ್ಲಿಲ್ಲ. ಜನ ಏಳು ಅಂತಸ್ತು ಹತ್ತದೆ ಇನ್ನೇನು ಮಾಡುತ್ತಾರೆ? ನಾವು ಹೇಳಿದ್ದನ್ನೇ ನಮಗೆ ತಿರುಗಿ ಹೇಳುತ್ತದೆ, ಸರಿ. ಕಚೇರಿಯಿಂದ ಬರುವ ಪತ್ರದಲ್ಲೂ ಮುಕ್ಕಾಲು ಪಾಲು ನಮ್ಮ ಅರ್ಜಿಯೇ ಇರುತ್ತದೆ ಅಲ್ವಾ?

ಕೂಗಲು ನಾಚಿಕೆಯಾಗುವವರು ಗೋಡೆಯ ಮೇಲೆ ಕೆತ್ತುತ್ತಾರೆ. ಬಾಣ ಚುಚ್ಚಿದ ಹೃದಯ, ಆಚೆ ಈಚೆ ಒಂದೊಂದು ಅಕ್ಷರ. ಇದಕ್ಕೆ ಎರಡು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಬೀಳಬಹುದು ಅನ್ನುತ್ತದೆ ಕಾನೂನು. ಅಲ್ಲಿನ ಪ್ರೀತಿಗೆಲ್ಲ ದಂಡ ವಸೂಲಿ ಮಾಡಿದ್ದರೆ ಬಾರಾ ಕಮಾನಿಗೆ ಚಾವಣಿ ಹಾಕಬಹುದಿತ್ತು.

ಕಡೆಗೂ ಶಾಲೆಯವರು ಸಾಲಾಗಿ ಇಳಿದರು. ಮುಂದಿನ ತಂಡ ಇನ್ನೂ ಮೆಟ್ಟಿಲಲ್ಲಿತ್ತು. ನಡುವೆ ಸಿಕ್ಕಿದ್ದು ಒಂದೆರಡು ನಿಮಿಷ. ಹೆಂಡತಿಯನ್ನು ಎದುರು ಕಡೆಗೆ ಓಡಿಸಿ ಗೋಡೆಯ ಹತ್ತಿರ ಬಾಯಿ ತಂದೆ. ಏನಾದರೂ ಚೆಂದದ ಮಾತು ಹೇಳಬೇಕಿತ್ತು. ಬಾಯಿಗೆ ಬಂದದ್ದು ಮಾತ್ರ, "ಕಾಲು ನೋವು ಕಣೇ, ಎಲ್ಲಾದ್ರೂ ಕೂತ್ಕೊಳ್ಳೋಣ್ವಾ?"

ಉತ್ತರ ಬಂತು. ಮೆತ್ತಗೆ, ಕಿವಿಯ ಪಕ್ಕದಲ್ಲೇ ನಿಂತು ಹೇಳಿದ ಹಾಗೆ. ಗಂಡಸಿನ ದನಿ.

"ಬರ್ರಿ, ಇಲ್ಲಿ ಜಾಗಾ ಐತಿ."