ನಮ್ಮಪ್ಪನಿಗೆ ಮರುಕ ಬೇಡ, ಆಯ ಕೊಡಿ

ನಿನ್ನೆ ತಿಪಟೂರಿನಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯಲ್ಲಿದ್ದ ನಮ್ಮೂರ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಪಾಪ ಕಣಯ್ಯ ನಿಮ್ಮಪ್ಪ. ಮರ ಕೆತ್ತಿದ, ಹೊಲ ಉತ್ತ, ಒಂದಿನ ಸುಖ ಕಾಣಲಿಲ್ಲ" ಅಂದರು. ಅಪ್ಪ ಹೋದಾಗಿನಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮದುವೆ ಮನೆ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಇಲ್ಲಿ ಮುಚ್ಚಲ್ಲ.

ಸುಖ ಕಾಣಲಿಲ್ಲವಂತೆ! ಗಾಡಿ ಚಕ್ರಕ್ಕೆ ಪಟ್ಟೆ ಏರಿಸುವ ದಿನ ಅಪ್ಪನ ಮುಖ ಇವರು ನೋಡಿರಲಿಲ್ಲವಾ? ಜಾಲಿ ಮರದ ಚಕ್ರ ಜೋಡಿಸಿ ಇಟ್ಟಿರುತ್ತಿದ್ದ. ಕಬ್ಬಿಣದ ಪಟ್ಟೆಯ ಅಳತೆ ಅದಕ್ಕಿಂತ ಒಂಚೂರು ಕಮ್ಮಿ. ಕಮ್ಮಾರರು ಪಟ್ಟೆಯನ್ನು ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದು ಹಿಗ್ಗಿದ ಮೇಲೆ ಇಕ್ಕಳದಲ್ಲಿ ಎತ್ತಿ ಕೂರಿಸೋರು. ಮರ ಸುಟ್ಟು ದಟ್ಟ ಹೊಗೆ. ಕೂಡಲೇ ಕೊಡಗಟ್ಟಲೆ ನೀರು. ಪಟ್ಟೆ ಕುಗ್ಗಿದ ಹಾಗೆ ಸಂದು ಸಂದಿನಲ್ಲೂ ಕಟಕಟ ಸದ್ದು, ಸಡಿಲ ಇದ್ದದ್ದೆಲ್ಲ ಬಿಗಿ. ಆ ಸದ್ದು ನಿಂತ ಮೇಲೇ ಅಪ್ಪ ಬೀಡಿ ಹಚ್ಚುತ್ತಿದ್ದದ್ದು. ಆಗ ಮಾತಾಡಿಸಿದರೂ ಕೇಳುತ್ತಿರಲಿಲ್ಲ, ಚಕ್ರವನ್ನೇ ನೋಡುತ್ತಿದ್ದ.

ಯುಗಾದಿಗೆ ಹೊನ್ನಾರು, ಅಂದರೆ ವರ್ಷದ ಮೊದಲ ಉಳುಮೆ, ಕಟ್ಟಬೇಕಲ್ವಾ, ಅದಕ್ಕೆ ಮುಂಚೆ ನಮ್ಮ ಜಗುಲಿ ಮುಂದೆ ನೇಗಿಲು ನೊಗಗಳ ಸಾಲು. ಎತ್ತಿನ ಎತ್ತರ, ಉಳುವವನ ಎತ್ತರ ಎರಡೂ ನೋಡಿ ಮೇಳಿ, ಅಂದರೆ ನೇಗಿಲ ಹಿಡಿ, ಕೂರಿಸಬೇಕು. ಮಳೆ ಬಿದ್ದ ಮೇಲೂ ಒಬ್ಬರಲ್ಲ ಒಬ್ಬರು ಮುರಿದ ನೊಗ ಹಿಡಿದು ಬರೋರು. ಊರಿಗೆಲ್ಲ ಮಾಡಿಕೊಟ್ಟು ನಮ್ಮ ಹೊಲಕ್ಕೆ ನೇಗಿಲು ಹೂಡುವಷ್ಟರಲ್ಲಿ ಹದ ಹೋಗಿರುತ್ತಿತ್ತು. "ಮಳೆ ಏನು ನಿಮಗೋಸ್ಕರ ಕಾಯ್ತದಾ?" ಅಂತ ಅಮ್ಮ ಜಗಳ ತೆಗೆಯೋಳು. ಅಪ್ಪ ನಗೋನು. ಆದರೂ ವರ್ಷದ ರಾಗಿ ಮನೆಗೆ ಬರುತ್ತಿತ್ತು, ಅದು ಬೇರೆ ಮಾತು.

ಕಷ್ಟ ಇರಲಿಲ್ಲ ಅಂತ ನಾನೇನೂ ಹೇಳುತ್ತಿಲ್ಲ. ಬಾಚಿ ಜಾರಿ ಕಾಲ್ಬೆರಳು ಸೀಳಿತ್ತು. ಕೊನೆಗಾಲಕ್ಕೆ ಮಂಡಿ ಮಡಚೋಕೆ ಆಗುತ್ತಿರಲಿಲ್ಲ. ಸರಿ. ಎಸಿ ರೂಮಿನಲ್ಲಿ ಕೂತು ಕೂತು ನನ್ನ ಕುತ್ತಿಗೆಯೂ ಹೋಗಿದೆ. ನನಗ್ಯಾರೂ ಪಾಪ ಅನ್ನಲ್ಲ, ಸಂಬಳ ಎಷ್ಟು ಅಂತ ಕೇಳ್ತಾರೆ. ನಿಜ ಹೇಳಲಾ? ನನಗೆ ಅಪ್ಪನ ಮೇಲೆ ಹೊಟ್ಟೆಕಿಚ್ಚು. ನಾನು ಮಾಡಿದ ಯಾವ ಕೆಲಸವನ್ನೂ ಯಾರೂ ಕೈಯಲ್ಲಿ ಸವರಿ ನೋಡಿಲ್ಲ.

"ಅಷ್ಟು ಸುಖ ಇದ್ದರೆ ನೀನ್ಯಾಕೆ ಉಳಿ ಹಿಡಿಯಲಿಲ್ಲ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಹಿಡಿದು ಯಾರಿಗೆ ನೇಗಿಲು ಮಾಡಲಿ ಸ್ವಾಮಿ? ಉಳೋಕೆ ಟ್ರ್ಯಾಕ್ಟರ್ ಬಂತು, ಗಾಡಿಗೆ ಟೈರ್ ಬಂತು. 2023ರಲ್ಲಿ ಕೇಂದ್ರದ ವಿಶ್ವಕರ್ಮ ಯೋಜನೆಯೂ ಬಂತು. ಅದರ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ, ಸಲಕರಣೆಗೆ 15,000 ರೂಪಾಯಿವರೆಗೆ ಕೊಡುತ್ತಾರೆ. ಒಳ್ಳೆಯದೇ. ಉಳಿ ಕೊಳ್ಳಬಹುದು. ನೊಗ ಕೇಳುವವರನ್ನು ಎಲ್ಲಿಂದ ತರೋದು? ಕೊನೆಕೊನೆಗೆ ಅಪ್ಪ ಪ್ಲೈವುಡ್ ಶೋಕೇಸ್ ಮಾಡಿದ. "ಇದು ಮರವೇ ಅಲ್ಲ, ಅಂಟು" ಅಂತ ಬೈದುಕೊಂಡೇ ಮಾಡಿದ.

ಅಪ್ಪನನ್ನು ಹಣ್ಣು ಮಾಡಿದ್ದು ದುಡಿಮೆ ಅಲ್ಲ ಕಣ್ರೀ, ವಸೂಲಿ. ವರ್ಷವಿಡೀ ಮಾಡಿದ ರಿಪೇರಿಗೆ ಸುಗ್ಗಿಯಲ್ಲಿ ಕಣದ ರಾಗಿ, ಅದೇ ಆಯ. ಕೆಲವರು ರಾಶಿ ಮುಂದೆ ಕರೆದು ಮೊರದ ತುಂಬಾ ಕೊಡೋರು. ಅವರ ಹೊಟ್ಟೆ ತಣ್ಣಗಿರಲಿ. ಇನ್ನು ಕೆಲವರು ರಾತ್ರೋರಾತ್ರಿ ರಾಶಿ ಮನೆಗೆ ಹೊತ್ತು, ಬೆಳಗ್ಗೆ "ಈ ವರ್ಷ ಬೆಳೆ ಇಲ್ಲ ಆಚಾರ್ರೇ, ಮುಂದಿನ ಸುಗ್ಗಿಗೆ ನೋಡನ" ಅನ್ನೋರು. ಹೋಳಿಗೆ ತಿನ್ನುತ್ತಿದ್ದ ಹಿರಿಯರ ಮನೆಯದು ಎರಡನೇ ಪಂಗಡ. ಈಗ ಪಾಪ ಅಂತೆ!

ಅವರ ಅಟ್ಟದ ಮೇಲೆ ಅಪ್ಪ ಮಾಡಿದ, ಬೀಜ ಬಿತ್ತುವ ಕೂರಿಗೆ ಇನ್ನೂ ಇದೆಯಂತೆ. ಅದರ ಬಟ್ಟಲಿನ ತೂತುಗಳನ್ನು ಅಪ್ಪ ಎಷ್ಟು ನಾಜೂಕಾಗಿ ಕೊರೆದಿದ್ದ ಅಂದರೆ, ಎಲ್ಲ ಸಾಲಿಗೂ ಒಂದೇ ಸಮ ರಾಗಿ ಬೀಳುತ್ತಿತ್ತು. ಅವರ ಮಗ ಇಲ್ಲಿ ನನ್ನ ಫ್ರೆಂಡ್ ಲಿಸ್ಟಿನಲ್ಲೇ ಇದ್ದಾನೆ. ತಮ್ಮಾ, ಹಳೇ ರಾಗಿ ಬಾಕಿ ಮಾತು ಬಿಡು. ಆ ಕೂರಿಗೆ ಸೌದೆಗೆ ಹಾಕೋ ಮುಂಚೆ ನನಗೊಂದು ಫೋನ್ ಮಾಡು. ಗಾಡಿ ನಾನೇ ತರ್ತೀನಿ, ಬಾಡಿಗೆ ನಂದೇ.