ಮುಲುಂಡಿಗೆ ಶ್ರೀಮಂತಿಕೆ ಬಂತು, ಸ್ವಲ್ಪ ಸರಿದು ನಿಲ್ಲಿ

ಮುಂಬಯಿಯ ಉಪನಗರ, ನಮ್ಮ ಮುಲುಂಡು ಈಗ 'ಪ್ರೀಮಿಯಂ' ಅಂತೆ. ಪೇಪರಿನ ಜೊತೆ ಬರುವ ಆ ನುಣುಪು ಪುರವಣಿಯನ್ನು ನೀವೂ ನೋಡಿರುತ್ತೀರಿ. ಉಪನಗರಗಳ ರಾಣಿ ಬಾಂದ್ರಾ, ಯುವರಾಜ ಮುಲುಂಡು ಎಂದು ಮೊದಲಿಂದಲೂ ಹೇಳುತ್ತಿದ್ದರು. ಈಗ ಯುವರಾಜನಿಗೆ ಪಟ್ಟಾಭಿಷೇಕ. ಇಲ್ಲಿಯವರ ಆದಾಯ ಜಾಸ್ತಿಯಾಗಿದೆ, ರುಚಿ ಬದಲಾಗಿದೆ ಎಂದು ಪುಟಗಟ್ಟಲೆ ಬರೆದಿದ್ದಾರೆ. ನಾನೂ ಇಲ್ಲಿಯವನೇ ಅಲ್ವಾ, ಪಾಸ್‌ಬುಕ್ ತೆಗೆದು ನೋಡಿದೆ. ಸುದ್ದಿ ಇನ್ನೂ ಅಲ್ಲಿಗೆ ಮುಟ್ಟಿಲ್ಲ.

ಸರಾಸರಿ ಏರಬೇಕಾದರೆ ಯಾರ ಸಂಬಳವೂ ಏರಬೇಕಾಗಿಲ್ಲ ಬಿಡಿ. ಕಡಿಮೆ ಸಂಬಳದವರನ್ನು ಊರಾಚೆ ದೂರದ ಅಂಬರನಾಥಕ್ಕೋ ಬದಲಾಪುರಕ್ಕೋ ಸಾಗಹಾಕಿದರೆ ಸಾಕು. ಉಳಿದವರು ಕೂತಲ್ಲೇ ಶ್ರೀಮಂತರು.

ಸಾಗಹಾಕುವುದೂ ಎಷ್ಟು ಮರ್ಯಾದೆಯಿಂದ! ನಮ್ಮ ರಸ್ತೆಯ ಹಳೆ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಯಿತು; ಬಿಲ್ಡರು ಅದನ್ನು ಒಡೆದು ಈಜುಕೊಳದ ಟವರು ಕಟ್ಟಿದ. ರಿಟೈರಾದ ಬ್ಯಾಂಕ್ ಕ್ಲಾರ್ಕೊಬ್ಬರಿಗೆ ಪುಕ್ಕಟೆ ಹೊಸ ಫ್ಲ್ಯಾಟ್ ಸಿಕ್ಕಿತು. ಊರಿನ ನೆಂಟರಿಗೆಲ್ಲ ಫೋಟೊ ಹೋಯಿತು. ಆಮೇಲೆ ಮೇಂಟೆನೆನ್ಸ್ ಬಿಲ್ ಬಂತು. ಮಂಡಿನೋವಿನ ಆ ಮನುಷ್ಯ ಈಜುಕೊಳಕ್ಕೆ ಇಳಿದದ್ದನ್ನು ಯಾರೂ ಕಂಡಿಲ್ಲ. ಅದರ ನೀರು ಸೋಸುವ ಖರ್ಚು ಮಾತ್ರ ಅವರ ಪೆನ್ಶನ್ನಿನಿಂದ. ಕೊನೆಗೆ ಫ್ಲ್ಯಾಟ್ ಬಾಡಿಗೆಗೆ ಕೊಟ್ಟು ತಾವು ಬದಲಾಪುರದಲ್ಲಿ ಬಾಡಿಗೆಗೆ ಹೋದರು.

ಕುಂದಾಪುರ, ಕಾರ್ಕಳದ ಕಡೆಯಿಂದ ಬಂದ ಹುಡುಗರು ಹಗಲು ಹೋಟೆಲಲ್ಲಿ ಟೇಬಲ್ ಒರೆಸಿ, ರಾತ್ರಿ ಮುಂಬಯಿಯ ಫೋರ್ಟ್ ಭಾಗದ ಕನ್ನಡ ಶಾಲೆಯಲ್ಲಿ ಓದಿ, ಬ್ಯಾಂಕು ಸೇರಿ, ಉಪನಗರದಲ್ಲಿ ಒಂದು ರೂಮ್-ಕಿಚನ್ ಮಾಡಿಕೊಂಡ ಕಾಲ ಇತ್ತು. ಈ ಕ್ಲಾರ್ಕು ಅಂಥವರಲ್ಲೊಬ್ಬರು. ಆದಾಯ ಏರುವುದು ಅಂದರೆ ಅದು. ಆಗ ಯಾರೂ ಪುರವಣಿ ಹಾಕಲಿಲ್ಲ.

ಹೋಟೆಲ್ ಅಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಸ್ಟೇಶನ್ ಹತ್ತಿರದ ಶೆಟ್ರ ಹೋಟೆಲು ಹೋಗಿ ಕೆಫೆ ಬಂದಿದೆ. ಇಡ್ಲಿಯನ್ನು ನಾಲ್ಕು ತುಂಡು ಮಾಡಿ, ಪುಡಿ ಉದುರಿಸಿ, ಕರಿಕಲ್ಲಿನ ಹಲಗೆಯ ಮೇಲಿಟ್ಟು ಕೊಡುತ್ತಾರೆ. ಸಾಂಬಾರು ಔಷಧಿ ಕುಡಿಸುವ ಅಳತೆಯಲ್ಲಿ. ಇನ್ನಷ್ಟು ಕೇಳಿದರೆ ಹುಡುಗ 'ಸಾರಿ ಸರ್' ಅನ್ನುತ್ತಾನೆ. ಮೊದಲಿನವನು ಬಕೆಟ್ ಹಿಡಿದು 'ಹಾಕ್ಲಾ?' ಎಂದು ಕೇಳುವಷ್ಟರಲ್ಲಿ ಹಾಕಿಯೇ ಬಿಟ್ಟಿರುತ್ತಿದ್ದ. ಗೋಡೆಯ ಮೇಲೆ ಕಪ್ಪುಬಿಳುಪಿನ ದೊಡ್ಡ ಫೋಟೊ. ಏನದು? ಹಳೆಯ ಉಡುಪಿ ಹೋಟೆಲು! ಒಡೆದವರೇ ಫ್ರೇಮ್ ಹಾಕಿಸಿದ್ದಾರೆ.

ಝೋಪಡಪಟ್ಟಿ ಇದ್ದ ಜಾಗದಲ್ಲಿ ಮುಂದೆ ಗಾಜಿನ ಟವರು, ಹಿಂದೆ ಝೋಪಡಿಯವರ ಪುನರ್ವಸತಿಗೆ ಕಟ್ಟಿದ 300 ಚದರಡಿ ಮನೆಗಳ ಎಸ್‌ಆರ್‌ಎ ಬಿಲ್ಡಿಂಗು. ನಡುವೆ ಗೋಡೆ, ಗೇಟೂ ಬೇರೆ. ಹಿಂದಿನವರು ಮುಂದಿನವರ ಮನೆಗೆ ಪಾತ್ರೆ ತೊಳೆಯಲು ಬರುತ್ತಾರೆ. ಮುಂದಿನ ಲಿಫ್ಟಿನಲ್ಲಿ ನೋಟೀಸು: 'ಮನೆಗೆಲಸದವರು, ಡೆಲಿವರಿಯವರು, ಸಾಕುನಾಯಿಗಳು ಸರ್ವಿಸ್ ಲಿಫ್ಟ್ ಬಳಸತಕ್ಕದ್ದು.' ನಾಯಿಗಾದರೂ ವಿನಾಯಿತಿ ಕೊಡಿ ಎಂದು ಕಮಿಟಿಗೆ ಅರ್ಜಿ ಹೋಗಿದೆಯಂತೆ.

2024ರ ಅಕ್ಟೋಬರಿನಲ್ಲಿ ಮುಲುಂಡ್ ನಾಕಾದಲ್ಲಿ ಕಾರುಗಳಿಗೆ ಟೋಲ್ ಮಾಫ್ ಆಯಿತು. 2025ರ ಮೇ ತಿಂಗಳಲ್ಲಿ ಮುಂಬಯಿಯ ನಗರ ಸಾರಿಗೆ 'ಬೆಸ್ಟ್' ಬಸ್ಸಿನ ಕನಿಷ್ಠ ಟಿಕೆಟ್ 5 ರೂಪಾಯಿಯಿಂದ 10 ಆಯಿತು. ಎಸಿ ಲೋಕಲ್ ರೈಲು ಓಡಿಸಲು ನಮ್ಮ ಸಾದಾ ಗಾಡಿ ಕಿತ್ತುಕೊಂಡಿರಿ ಎಂದು ಬದಲಾಪುರದವರು 2022ರಲ್ಲೇ ಸ್ಟೇಶನ್ನಿನಲ್ಲಿ ಕೂಗಾಡಿದ್ದರು. ಇದರಲ್ಲಿ ತಮಾಷೆ ಏನೂ ಇಲ್ಲ. ಊರಿಂದ ಆಚೆ ಹಾಕುತ್ತೀರಿ, ಕೆಲಸಕ್ಕೆ ವಾಪಸ್ ಬರುವ ದಾರಿಗೂ ಜಾಸ್ತಿ ಕಾಸು ಕೇಳುತ್ತೀರಿ. ನಾಚಿಕೆ ಬೇಡವಾ?

ಯಾರು ಹೋದರು, ಯಾರು ಬಂದರು ಎಂಬ ಲೆಕ್ಕ ಸರಕಾರಕ್ಕೂ ಬೇಕಿದ್ದಂತಿಲ್ಲ. ಕೊನೆಯ ಜನಗಣತಿ 2011ರದ್ದು. ಆಗಲೇ, ಉಪನಗರ ಬಿಟ್ಟು, ಮುಂಬಯಿ ಶಹರ ಜಿಲ್ಲೆಯ ಜನ ಹತ್ತು ವರ್ಷದಲ್ಲಿ 33 ಲಕ್ಷದಿಂದ 31 ಲಕ್ಷದ ಹತ್ತಿರಕ್ಕೆ ಇಳಿದಿದ್ದರು. ಈಗ ಉಪನಗರದ ಸರದಿ. ಮುಂದಿನ ತಲೆಎಣಿಕೆ 2027ಕ್ಕಂತೆ. ಎಣಿಸಲು ಬರುವ ಟೀಚರು ಮೊದಲು ಗೇಟಿನಲ್ಲಿ ಆ್ಯಪ್ ಎಂಟ್ರಿ ಮಾಡಿಸಿ, ಫೋಟೊ ತೆಗೆಸಿಕೊಳ್ಳಬೇಕು. ಯಾವ ಲಿಫ್ಟ್ ಹತ್ತಬೇಕು ಅಂತ ವಾಚ್‌ಮನ್ ಹೇಳುತ್ತಾನೆ.