ಗುಟ್ಟಾಗಿ ಇಟ್ಟಿದ್ದೇವೆ, ಬಂದು ನೋಡಿ

ಜಾಲತಾಣದಲ್ಲಿ ಮತ್ತೊಂದು ಪೋಲರಾಯ್ಡ್ ಫೋಟೊ ಬಂತು. ಬಿಳಿ ಅಂಚು, ಮಬ್ಬು ಬಣ್ಣ, ಮುದುಡಿದ ಹಾಸಿಗೆ, ಕಿಟಕಿ ಕಡೆ ತಿರುಗಿದ ಅರ್ಧ ಬೆನ್ನು. ಕೆಳಗೆ ಒಂದು ಸಾಲು: ‘ನಮ್ಮಿಬ್ಬರಿಗೆ ಮಾತ್ರ’. ನಾನೂ ನೋಡಿದೆ, ನೀವೂ ನೋಡಿದಿರಿ. ಲೆಕ್ಕ ಎಲ್ಲೋ ತಪ್ಪಿದೆ, ಅಲ್ವಾ?

ತೆಗೆದ ಫೋಟೊ ಈಗಲೇ ಯಾಕೆ ನೋಡೋಕಾಗಲ್ಲ ಅಂತ 1943ರಲ್ಲಿ ಪೋಲರಾಯ್ಡ್ ಕಂಪನಿಯ ಸ್ಥಾಪಕ ಎಡ್ವಿನ್ ಲ್ಯಾಂಡ್ ಅವರ ಪುಟ್ಟ ಮಗಳು ಕೇಳಿದಳಂತೆ. 1948ರ ಕೊನೆಗೆ, ತೆಗೆದಲ್ಲೇ ಫೋಟೊ ಮೂಡಿಸಿಕೊಡುವ ಪೋಲರಾಯ್ಡ್ ಕ್ಯಾಮೆರಾ ಅಂಗಡಿಗೆ ಬಂತು. ಕೇಳಿದ್ದು ಮಗು, ಅದರ ಬೇರೆ ಉಪಯೋಗ ಹೊಳೆದದ್ದು ದೊಡ್ಡವರಿಗೆ. ರೀಲು ತೊಳೆದು ಕೊಡುವ ಸ್ಟುಡಿಯೋದವನು ನಡುವೆ ಇಲ್ಲ, ಅವನ ಓರೆನೋಟವೂ ಇಲ್ಲ. ಇರುವುದು ಒಂದೇ ಪ್ರತಿ.

ಅಂದ ಹಾಗೆ, ಆ ಕೆಳಗಿನ ದಪ್ಪ ಅಂಚು ಬರೀ ಅಂದಕ್ಕಲ್ಲ. ಅದರೊಳಗೆ ರಾಸಾಯನಿಕದ ಸಣ್ಣ ಚೀಲ ಇರುತ್ತದೆ, ಫೋಟೊ ಹೊರಬರುವಾಗ ಎರಡು ರೋಲರ್ ಅದನ್ನು ಹಿಂಡಿ ಹಾಳೆಯೊಳಗೆಲ್ಲ ಹರಡುತ್ತವೆ. ಈಗ ಫೋನಿನ ಆ್ಯಪ್ ಸುಮ್ನೆ ಅಂಚೊಂದನ್ನೇ ಅಂಟಿಸಿಕೊಡುತ್ತದೆ. ಕಾಗದವಿಲ್ಲದ ಲಕೋಟೆ! ನಿಜವಾದ ಹಾಳೆ ಸಿಕ್ಕವರೋ, ಅದನ್ನು ಬೀಸಣಿಗೆ ಮಾಡಿಕೊಳ್ಳುತ್ತಾರೆ. ಬೀಸಿದರೆ ಬೇಗ ಮೂಡಲ್ಲ ಮಾರಾಯ್ರೆ.

ಪೋಲರಾಯ್ಡ್ ಪ್ಯಾಕಿನಲ್ಲಿ ಎಂಟೇ ಹಾಳೆ. ಕೂದಲು ಕೆದರಿಸಲು ಅರ್ಧ ಗಂಟೆ, ಹಾಸಿಗೆ ಮುದುಡಿಸಲು ಇನ್ನರ್ಧ ಗಂಟೆ, ಏಳು ಹಾಳೆ ದಂಡವಾದ ಮೇಲೆ ಎಂಟನೆಯದರಲ್ಲಿ ಫೋಟೊದವರು ‘ಗೊತ್ತೇ ಇಲ್ಲದ ಹಾಗೆ’ ನಕ್ಕಿದ್ದಾರೆ. ಅಷ್ಟೂ ಕಷ್ಟ ಬೇಡ ಅನ್ನುವವರಿಗೆ ಫ್ಯೂಜಿಫಿಲ್ಮ್ ಕಂಪನಿಯ ಇನ್‌ಸ್ಟ್ಯಾಕ್ಸ್‌ನ ಮಿಶ್ರತಳಿ ಕ್ಯಾಮೆರಾ ಇದೆ. ಬೆನ್ನಿಗೇ ಪರದೆ. ನೋಡಿ, ಆರಿಸಿ, ಚೆನ್ನಾಗಿದ್ದರೆ ಪ್ರಿಂಟ್ ಒತ್ತಿ. ತಟ್ಟಂತ ಸಿಕ್ಕ ಕ್ಷಣಕ್ಕೂ ಆಯ್ಕೆ ಸಮಿತಿ!

2008ರಲ್ಲಿ ಪೋಲರಾಯ್ಡ್ ಈ ಫಿಲ್ಮ್ ಮಾಡುವುದನ್ನೇ ನಿಲ್ಲಿಸಿತ್ತು. ನೆದರ್‌ಲ್ಯಾಂಡ್ಸಿನ ಎನ್ಸ್ಕೆಡೆ ಕಾರ್ಖಾನೆಯಲ್ಲಿ ಒಂದಷ್ಟು ಹಠಮಾರಿಗಳು ಸೇರಿ ಅದಕ್ಕೆ ಮತ್ತೆ ಜೀವ ಕೊಟ್ಟರು. ಪುಣ್ಯಾತ್ಮರು. ಇದಕ್ಕೇನಾ?

ನಗು ಸಾಕು. ಇಂಥ ಫೋಟೊ ಹಂಚುವವರೇ, ನಿಮಗೊಂದು ಮಾತು. ಒಂದೇ ಪ್ರತಿ ಅಂತ ನಂಬಿ ನಿಮ್ಮ ಕ್ಯಾಮೆರಾ ಮುಂದೆ ಕೂತವರು ಇದ್ದಾರೆ. ಅವರು ಒಪ್ಪಿದ್ದು ಒಂದು ಹಾಳೆಗೆ. ಫೋನ್ ಎತ್ತಿ ಆ ಹಾಳೆಯ ಫೋಟೊ ಹೊಡೆದು ಊರಿಗೆಲ್ಲ ಹಂಚುವ ಮೊದಲು ಅವರನ್ನು ಕೇಳಿದಿರಾ? ಕೇಳಿರಲ್ಲ. ಯಾಕೆ ಅಂತ ನಾವು ಕೇಳಿದರೆ ‘ಇದು ಕಲೆ’ ಅಂತೀರಿ. ಕಲೆ ನಿಮ್ಮದೇ ಇರಲಿ ಸ್ವಾಮಿ, ಬೆನ್ನು ಅವರದ್ದು. ಇದನ್ನೂ ಬಿಡಿಸಿ ಹೇಳಬೇಕಾ? ಸುಸ್ತಾಗುತ್ತದೆ.

ಹೊರಬಂದ ಫೋಟೊವನ್ನು ಬೆಳಕಿಗೆ ಒಡ್ಡಬೇಡಿ, ಮೂಡುವ ತನಕ ಕವುಚಿ ಇಡಿ ಅಂತ ಪೋಲರಾಯ್ಡ್‌ನವರೇ ಹೇಳುತ್ತಾರೆ. ಮೂಡಿದ ಮೇಲೂ ಹಾಗೇ ಇದ್ದರೆ ನಷ್ಟವೇನಿಲ್ಲ.